ಇಲಿಜ್ವರಕ್ಕೂ ಅದೇ, ಪೊದೆಜ್ವರಕ್ಕೂ ಅದೇ
ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕೆಸರುಗದ್ದೆಗೆ ಇಳಿದವರನ್ನು ಹಿಡಿಯುವ ಇಲಿಜ್ವರಕ್ಕೂ, ಪೊದೆಯಲ್ಲಿ ಚಿಗರ್ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೂ ವೈದ್ಯರು ಬರೆಯುವುದು ಹೆಚ್ಚಾಗಿ ಒಂದೇ ಹೆಸರು: ಡಾಕ್ಸಿಸೈಕ್ಲಿನ್. 1960ರ ದಶಕದ್ದು, ಅಗ್ಗದ್ದು. ಆದರೂ ಹೊಸ ದುಬಾರಿ ಇಂಜೆಕ್ಷನ್‌ಗಳಿಗೆ ಜಗ್ಗದ ಸ್ಕ್ರಬ್ ಟೈಫಸ್ ಜ್ವರ ಇದಕ್ಕೆ ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುತ್ತದೆ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಹಾಗಂತ ಸರ್ವರೋಗಕ್ಕೂ ಮದ್ದಲ್ಲ. ವೈರಸ್‌ನಿಂದ ಬರುವ ಡೆಂಗಿ, ನೆಗಡಿಗಳಿಗೆ ನುಂಗಿದರೆ ದಂಡ. ಜ್ವರದ ಜತೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ (ಚಿಗರ್ ಕಚ್ಚಿದ ಗುರುತು) ಕಂಡರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಅವರು ಈ ಮಾತ್ರೆ ಬರೆದುಕೊಟ್ಟರೆ ಲೋಟ ತುಂಬ ನೀರಿನೊಡನೆ ನುಂಗಿ, ತಕ್ಷಣ ಮಲಗಬೇಡಿ; ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ.