ಬಿ-1 ವೀಸಾ: ಲಾಭ ಕಂಪನಿಗೆ, ಅಪಾಯ ಎಂಜಿನಿಯರಿಗೆ

2023ರ ಮಾರ್ಚ್‌ವರೆಗೆ ಹೈದರಾಬಾದಿನ ಅಮೆರಿಕ ಕಾನ್ಸುಲೇಟ್ ಇದ್ದದ್ದು ಬೇಗಂಪೇಟೆಯ ಪೈಗಾ ಅರಮನೆಯಲ್ಲಿ. ಬೆಂಗಳೂರಿನಲ್ಲಿ ಅಮೆರಿಕದ ವೀಸಾ ಸಂದರ್ಶನ ನಡೆಯದ ಕಾರಣ, ಚೆನ್ನೈಯಲ್ಲಿ ದಿನ ಸಿಗದ ನಮ್ಮ ಎಂಜಿನಿಯರುಗಳೂ ಅಲ್ಲಿ ಸಾಲು ನಿಂತವರೇ. ಕಚೇರಿ ಈಗ ನಾನಕ್‌ರಾಮ್‌ಗುಡಕ್ಕೆ ಹೋಗಿದೆ. ಕಿಟಕಿಯಾಚೆಯ ಅಧಿಕಾರಿ ಕೇಳುವ ಪ್ರಶ್ನೆ ಮಾತ್ರ ಅದೇ: ಅಲ್ಲಿಗೆ ಹೋಗಿ ಏನು ಮಾಡುತ್ತೀರಿ? ವ್ಯವಹಾರ ಭೇಟಿಗೆ ಕೊಡುವ ಬಿ-1 ವೀಸಾ ಕೇಳುವವರ ಬಾಯಲ್ಲಿ ಬರುವ ಉತ್ತರವೂ ಹೆಚ್ಚಾಗಿ ಒಂದೇ: ಮೀಟಿಂಗ್.

ಮಾತುಕತೆ, ಕರಾರು, ಸಮ್ಮೇಳನ, ಇವಕ್ಕೆಲ್ಲ ಬಿ-1 ಸಾಕು. ಮಾರಿದ ಯಂತ್ರವನ್ನು ಕರಾರಿನಂತೆ ಹೋಗಿ ಜೋಡಿಸಿಕೊಡುವುದಕ್ಕೂ ಅವಕಾಶವಿದೆ. ಗ್ರಾಹಕರ ಕಚೇರಿಯಲ್ಲಿ ಕುಳಿತು ಕೋಡ್ ಬರೆಯುವುದಕ್ಕೆ ಬೇಕಾದದ್ದು ಎಚ್-1ಬಿ ಎಂಬ ಉದ್ಯೋಗ ವೀಸಾ. ಅದು ವರ್ಷಕ್ಕೆ 85,000 ಮಾತ್ರ, ಅದೂ ಲಾಟರಿಯಲ್ಲಿ. 2025ರ ಸೆಪ್ಟೆಂಬರಿನಿಂದ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಹೊರೆಯೂ ಸೇರಿತು. ಮೂರು ತಿಂಗಳ ಕೆಲಸಕ್ಕೆ ಅಷ್ಟು ಹಣ ಸುರಿಯುವ ಕಂಪನಿ ಯಾವುದು? ಹಾಗಾಗಿ ಬಿ-1 ಎಂಬ ಅಡ್ಡದಾರಿಯ ಆಸೆ ಇನ್ನೂ ಬಲವಾಗುತ್ತದೆ.

ಈ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಬೆಂಗಳೂರು ಒಮ್ಮೆ ನೋಡಿದೆ. ಇನ್ಫೋಸಿಸ್‌ನ ಅಮೆರಿಕನ್ ಉದ್ಯೋಗಿ ಜಾಕ್ ಪಾಮರ್ ಬಿ-1 ದುರ್ಬಳಕೆಯ ವಿಷಯದಲ್ಲಿ 2011ರಲ್ಲಿ ಅಲಬಾಮಾದಲ್ಲಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ಅವರ ದಾವೆ ವಜಾ ಆಯಿತು, ಆದರೆ ಅಮೆರಿಕ ಸರ್ಕಾರದ ತನಿಖೆ ನಿಲ್ಲಲಿಲ್ಲ. ಆಹ್ವಾನಪತ್ರದಲ್ಲಿ ಸಭೆ ಎಂದು ಬರೆದು ಕೆಲಸಕ್ಕೆ ಕಳಿಸಲಾಗುತ್ತಿತ್ತು, ಅಧಿಕಾರಿಗಳ ಮುಂದೆ ಯಾವ ಪದ ಆಡಬಾರದೆಂದು ಉದ್ಯೋಗಿಗಳಿಗೆ ಸೂಚನೆ ಹೋಗಿತ್ತು ಎಂಬುದು ಸರ್ಕಾರದ ಆರೋಪ. ಕಂಪನಿ ವೀಸಾ ವಂಚನೆಯನ್ನು ಅಲ್ಲಗಳೆಯಿತು. ದಾಖಲೆ ಪತ್ರಗಳ ಲೋಪವನ್ನಷ್ಟೇ ಒಪ್ಪಿತು. 2013ರ ಅಕ್ಟೋಬರ್ 30ರಂದು 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಿಯಮ ಸ್ಪಷ್ಟವಿಲ್ಲ ಎಂದು ಕಂಪನಿಗಳು ಹೇಳುತ್ತವೆ. ನಿಜ, ಅಂಚಿನಲ್ಲಿ ಮಸುಕಿದೆ. ಆದರೆ ಮಸುಕಿನ ಲಾಭ ಕಂಪನಿಗೆ, ಅಪಾಯ ಉದ್ಯೋಗಿಗೆ ಎಂಬ ಹಂಚಿಕೆಯನ್ನು ನಾನು ಒಪ್ಪಲಾರೆ. ರಾಜಿಯ ಹಣ ಕಂಪನಿಯ ಲೆಕ್ಕಪುಸ್ತಕದ ಒಂದು ಸಾಲು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಇಪ್ಪತ್ತಾರರ ಹುಡುಗಿಗೆ ವಾಪಸ್ ವಿಮಾನ, ರದ್ದಾದ ವೀಸಾ, ಮುಂದಿನ ಪ್ರತಿ ಅರ್ಜಿಯಲ್ಲೂ ಅದಕ್ಕೆ ಕೊಡಬೇಕಾದ ವಿವರಣೆ. ಸುಳ್ಳು ಹೇಳಿದ್ದಾಳೆಂದು ಅಧಿಕಾರಿ ನಿರ್ಧರಿಸಿದರೆ ಆ ದೇಶದ ಬಾಗಿಲೇ ಶಾಶ್ವತವಾಗಿ ಮುಚ್ಚಬಹುದು. ಅವಳ ಬಾಯಿಗೆ ಆ ಉತ್ತರ ತುರುಕಿದ ಮ್ಯಾನೇಜರನ್ನು ಯಾರೂ ಕೇಳುವುದಿಲ್ಲ.

2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾದ ಹ್ಯುಂಡೈ-ಎಲ್‌ಜಿ ಬ್ಯಾಟರಿ ಕಾರ್ಖಾನೆಯ ನಿವೇಶನದಲ್ಲಿ ಅಮೆರಿಕದ ವಲಸೆ ಅಧಿಕಾರಿಗಳು 475 ಜನರನ್ನು ಹಿಡಿದರು. ಮುನ್ನೂರಕ್ಕೂ ಹೆಚ್ಚು ಮಂದಿ ಕೊರಿಯನ್ನರು. ಅಲ್ಪಾವಧಿ ಭೇಟಿಯ ಅನುಮತಿಯಲ್ಲಿ ಬಂದವರು ಅವರಲ್ಲಿ ಬಹಳ ಜನ. ಕೈಗೆ ಕೋಳ, ಸೊಂಟಕ್ಕೆ ಸರಪಳಿ. ಸಿಯೋಲ್ ಸುಮ್ಮನಿರಲಿಲ್ಲ: ವಿಮಾನ ಕಳಿಸಿ ಜನರನ್ನು ಕರೆಸಿಕೊಂಡಿತು, ಯಂತ್ರ ಜೋಡಣೆಗೆ ಬಿ-1 ನಡೆಯುತ್ತದೆ ಎಂದು ವಾಷಿಂಗ್ಟನ್ ಬಾಯಲ್ಲೇ ಹೇಳಿಸಿತು. ದೆಹಲಿಯೂ ಸಾಫ್ಟ್‌ವೇರ್ ಕೆಲಸದ ಬಗ್ಗೆ ಅದೇ ಸ್ಪಷ್ಟತೆಯನ್ನು ಕೇಳಲಿ, ಅಲ್ಪಾವಧಿ ಕೆಲಸಕ್ಕೆಂದೇ ಪ್ರತ್ಯೇಕ ವೀಸಾ ಕೇಳಲಿ. ಆದರೆ ಬಿಸಿನೆಸ್ ವೀಸಾದಲ್ಲಿ ಭಾರತಕ್ಕೆ ಬಂದು ಕೆಲಸ ಮಾಡುತ್ತಿದ್ದ ಚೀನೀಯರ ಮೇಲೆ 2009ರಲ್ಲಿ ನಾವೂ ಬಿಗಿಮಾಡಿದ್ದೆವು. ಹಾಗಾಗಿ ತಮ್ಮ ಕೆಲಸ ಹೋಗುತ್ತದೆಂಬ ಅಮೆರಿಕದ ಕಾರ್ಮಿಕರ ದೂರನ್ನು ಬರೀ ದ್ವೇಷವೆಂದು ತಳ್ಳಿಹಾಕುವ ಹಕ್ಕು ನಮಗಿಲ್ಲ.

ಆ ಸ್ಪಷ್ಟತೆ ಸಿಗುವವರೆಗೆ, ಹೊರಡಲಿರುವ ಎಂಜಿನಿಯರುಗಳೇ, ಅಲ್ಲಿ ಮಾಡುವ ಕೆಲಸವೇನೆಂದು, ಅದು ಬಿ-1ಗೆ ಒಪ್ಪುತ್ತದೆಂದು ಕಂಪನಿಯಿಂದ ಸಹಿಯೊಂದಿಗೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಹೋಗಬೇಡಿ.