ಪುದುಚೇರಿಗೆ ಕರಾರು, ಹೊಸೂರಿಗೆ ಬರೀ ಗೆರೆ

ಒಂದು ಊರು ಕೈ ಬದಲಾಯಿಸುವಾಗ ಕೋಟೆ, ಬಂದರು, ಖಜಾನೆಯ ಲೆಕ್ಕ ಚೆನ್ನಾಗಿಯೇ ಆಗುತ್ತದೆ. ಜನರ ಮಾತಿನ ಲೆಕ್ಕ ಮಾತ್ರ ಯಾರಾದರೂ ಕೇಳಿ ಬರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪುದುಚೇರಿಯನ್ನೇ ನೋಡಿ. ಫ್ರೆಂಚರು 1954ರ ನವೆಂಬರ್ 1ರಂದು ಆಡಳಿತ ಬಿಟ್ಟುಕೊಟ್ಟರು. 1956ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಅದು ಪೂರ್ತಿ ಜಾರಿಯಾದದ್ದು 1962ರ ಆಗಸ್ಟ್ 16ಕ್ಕೆ. ಜನಪ್ರತಿನಿಧಿಗಳು ಬೇರೆ ತೀರ್ಮಾನ ಮಾಡುವವರೆಗೆ ಫ್ರೆಂಚ್ ಆಡಳಿತ ಭಾಷೆಯಾಗಿಯೇ ಇರತಕ್ಕದ್ದು ಅಂತ ಅದರಲ್ಲಿ ಬರೆದರು. ಯಾವ ದೇಶದ ಪ್ರಜೆಯಾಗಬೇಕೆಂದು ಆರಿಸಿಕೊಳ್ಳಲು ಅಲ್ಲಿಯವರಿಗೆ ಆರು ತಿಂಗಳ ಗಡುವನ್ನೂ ಕೊಟ್ಟರು.

ನಮ್ಮ ಕಡೆ ಏನಾಯಿತು? 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲ್, ಸೇಲಂ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ರೀಡ್, ಮನ್ರೋ ಬಂದು ಹೊಲ ಅಳೆದರು, ರೈತನ ಮೇಲೆ ಕಂದಾಯ ಕಟ್ಟಿದರು. ನಿನ್ನ ಮಾತು ಯಾವುದಪ್ಪಾ ಅಂತ ಕೇಳಲಿಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಆಮೇಲೆ ಸೇಲಂ ಒಡೆದು 1965ರಲ್ಲಿ ಧರ್ಮಪುರಿ ಜಿಲ್ಲೆ, ಅದು ಒಡೆದು 2004ರಲ್ಲಿ ಕೃಷ್ಣಗಿರಿ. ಬೋರ್ಡು ಬದಲಾಯಿತು, ತಳಿ, ಡೆಂಕಣಿಕೋಟೆ ಕಡೆಯ ಮನೆಮಾತು ಬದಲಾಗಲಿಲ್ಲ.

ನಮಗೂ ಒಂದು ಕಾಗದ ಉಂಟು. 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಮಾಡಬೇಕು ಅನ್ನುತ್ತದೆ. ಆದರೆ ಅದು ಪ್ರಾಥಮಿಕಕ್ಕೇ ನಿಂತಿತು. 2006ರ ತಮಿಳು ಕಲಿಕೆ ಕಾಯಿದೆಯ ಬಿಸಿ ಹತ್ತನೇ ತರಗತಿಗೆ ತಟ್ಟಿದಾಗ, ನಮ್ಮ ಮಕ್ಕಳು ವಿನಾಯಿತಿಗಾಗಿ ಕೋರ್ಟು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟದ್ದೂ ಒಂದು ವರ್ಷದ ವಿನಾಯಿತಿ. ವರ್ಷ ವರ್ಷ ನವೀಕರಿಸಬೇಕಾದದ್ದು ಗುತ್ತಿಗೆ, ಹಕ್ಕಲ್ಲ.

ತಮಿಳುನಾಡಿನಲ್ಲಿದ್ದು ತಮಿಳು ಬೇಡವೇ ಅಂತ ಕೇಳುವವರಿದ್ದಾರೆ. ಯಾರು ಬೇಡ ಅಂದರು? ರಾಯಕೋಟೆ ಮಂಡಿಯಲ್ಲಿ ಟೊಮೇಟೊ ಮಾರೋನಿಗೆ ತಮಿಳು ಬಾರದಿದ್ದರೆ ಆಗುತ್ತಾ? ಮಂಡಿಯೇ ಅದನ್ನು ಕಲಿಸಿಬಿಡುತ್ತದೆ. ಕನ್ನಡ ಓದಲು, ಬರೆಯಲು ಮಾತ್ರ ಶಾಲೆಯೇ ಬೇಕು. ಸೇಲಂ ಕಡೆ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಮಾತು ತಲೆಮಾರುಗಳಿಂದ ಉಳಿದಿದೆ, ಬಹುತೇಕರ ಓದುಬರಹ ಮಾತ್ರ ತಮಿಳಿನಲ್ಲಿ. ನಾಳೆ ಹೊಸೂರಿನ ಕತೆಯೂ ಅದೇ.

ಕಾಗದವೊಂದೇ ಸಾಲದು ಅನ್ನುವುದೂ ನಿಜ. 1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾಕ್ಕೆ ಸೇರಿದಾಗ 50 ವರ್ಷ ಏನೂ ಬದಲಾಗದು ಎಂಬ ಮಾತಿತ್ತು. 2020ರಲ್ಲಿ ಭದ್ರತಾ ಕಾಯಿದೆ ಬಂದು ಆ ಮಾತಿನ ಬೆಲೆ ತೋರಿಸಿತು. ಬೇಲಿ ಹಾಕಿದ ಮೇಲೂ ಹೊಲ ಕಾಯಬೇಕು.

ಗೆರೆ ಅಳಿಸಿ ಅಂತ ನಾನು ಕೇಳುತ್ತಿಲ್ಲ. ಆ ಕಾಲ ಹೋಯಿತು. ನಾನು ಕೇಳುವುದು ಇಷ್ಟೆ: ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪರೀಕ್ಷೆ ಬರೆಯುವ ಕಾಯಂ ಅವಕಾಶ, ಖಾಲಿ ಜಾಗಕ್ಕೆ ಕನ್ನಡ ಮೇಷ್ಟ್ರು, ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ. ಚೆನ್ನೈ ಕೊಡಲಿ, ಬೆಂಗಳೂರು ಕೇಳಲಿ. ಬೆಂಗಳೂರು ತನ್ನ ನೆಲದ ತಮಿಳು ಮಕ್ಕಳಿಗೂ ಅದೇ ನ್ಯಾಯ ಮಾಡಲಿ. ಆಗ ಕೇಳುವ ಬಾಯಿಗೆ ಬಲ ಬರುತ್ತದೆ.