ಹೊಳಪು ಕಾರಿಗೆ, ಕೊಳೆ ಹಳ್ಳಕ್ಕೆ

ಆಯುಧ ಪೂಜೆಯ ಮುನ್ನಾದಿನ ಯಾವುದಾದರೂ ಹಳ್ಳದ ದಂಡೆಗೆ ಹೋಗಿ ನೋಡಬೇಕು. ಟ್ರ್ಯಾಕ್ಟರು, ಟಂಟಂ, ಜೀಪು, ಕಾರುಗಳು ಮೊಣಕಾಲುದ್ದದ ನೀರಿನಲ್ಲಿ ಸಾಲಾಗಿ ನಿಂತಿರುತ್ತವೆ. ಸೋಪಿನ ಪುಡಿಯ ಪೊಟ್ಟಣಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ನೊರೆ ಉಕ್ಕುತ್ತದೆ. ಸಂಜೆಯ ಹೊತ್ತಿಗೆ ವಾಹನಗಳು ಮಿರಮಿರನೆ ಹೊಳೆಯುತ್ತ ಊರಿಗೆ ಮರಳುತ್ತವೆ. ಮರುದಿನ ಅವುಗಳಿಗೆ ಕುಂಬಳಕಾಯಿ, ನಿಂಬೆಹಣ್ಣು, ಹೂವಿನ ಹಾರ. ಅವುಗಳ ಕೊಳೆಯನ್ನು ಹೊತ್ತುಕೊಂಡ ಹಳ್ಳಕ್ಕೆ ಮಾತ್ರ ಪೂಜೆಯೂ ಇಲ್ಲ, ಕ್ಷಮೆಯೂ ಇಲ್ಲ.

ಗುಡ್ಡದ ಜನರ ಪತ್ರಿಕೆಗೆ ಕಾರಿನ ಗಾಜು, ಕ್ರೋಮ್, ಬಣ್ಣಗಳ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಉತ್ತರ ಸರಳವಾಗಿದೆ. ವಾಹನಗಳು ಇಂದು ಗುಡ್ಡದ ಹಟ್ಟಿಗಳನ್ನೂ ತಲುಪಿವೆ. ನೀರು ಗುಡ್ಡದಿಂದಲೇ ಕೆಳಗಿಳಿಯುತ್ತದೆ. ಮೇಲೆ ತೊಳೆದದ್ದನ್ನು ಕೆಳಗಿನವರು ಕುಡಿಯುತ್ತಾರೆ. ಕಲಬುರಗಿ ಮತ್ತು ಕಮಲಾಪುರಗಳ ನಡುವಿನ ನೆಲದಲ್ಲಿ ಈ ಸತ್ಯ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿದೆ. ನಗರದಿಂದ ಹುಮನಾಬಾದ್ ದಿಕ್ಕಿಗೆ ಹೊರಟ ಹೆದ್ದಾರಿಯು ಕುರಿಕೋಟಾ ಸೇತುವೆಯ ಮೇಲೆ ಬೆಣ್ಣೆತೊರಾ ನದಿಯನ್ನು ದಾಟಿ ಕಮಲಾಪುರವನ್ನು ಸೇರುತ್ತದೆ. ಬೆಣ್ಣೆತೊರಾ ಕಾಗಿಣಾ ನದಿಗೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತವೆ. ಕಲಬುರಗಿ ನಗರದ ನಲ್ಲಿಗಳಿಗೆ ಬರುವ ನೀರಿನಲ್ಲಿ ಭೀಮೆಯ ಜೊತೆ ಬೆಣ್ಣೆತೊರಾದ ಪಾಲೂ ಇದೆ. ರಜೆಯ ದಿನ ಹಳ್ಳದ ಬದಿಯಲ್ಲಿ ಕಾರು ತೊಳೆದು ಹೋಗುವ ನಗರವಾಸಿಯು ತನ್ನ ಮನೆಯ ಬಿಂದಿಗೆಯಲ್ಲೇ ಕೈ ತೊಳೆಯುತ್ತಿದ್ದಾನೆ ಎಂಬುದನ್ನು ಅರಿಯನು.

ಮೂರು ಬಾಟಲಿಗಳ ಮಾಯೆ

ಕಲಬುರಗಿಯ ವಾಹನ ಸಾಮಗ್ರಿಗಳ ಅಂಗಡಿಗಳಲ್ಲಿ ಇಂದು ಗಾಜಿಗೊಂದು, ಕ್ರೋಮಿಗೊಂದು, ಬಣ್ಣಕ್ಕೊಂದು ಬಾಟಲಿ ಸಿಗುತ್ತದೆ. ಬಾಟಲಿಯ ಮೇಲೆ ಹೊಳೆಯುವ ಕಾರಿನ ಚಿತ್ರವಿರುತ್ತದೆ. ಒಳಗೆ ಏನಿದೆ ಎಂಬ ವಿವರ ಮಾತ್ರ ಸಾಸಿವೆಯಷ್ಟು ಚಿಕ್ಕ ಅಕ್ಷರಗಳಲ್ಲಿರುತ್ತದೆ, ಅನೇಕ ವೇಳೆ ಅದೂ ಇರುವುದಿಲ್ಲ. ಗಾಜಿನ ದ್ರವಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್, ಕೆಲವುಗಳಲ್ಲಿ ಅಮೋನಿಯಾ ಇರುತ್ತದೆ. ಚಕ್ರ ಮತ್ತು ಲೋಹಗಳ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅದರ ಲವಣಗಳಿರುತ್ತವೆ. ಗಾಜನ್ನೇ ಕೊರೆಯಬಲ್ಲ ಈ ಆಮ್ಲವು ಚರ್ಮದ ಮೂಲಕ ಇಳಿದು ಮೂಳೆಯವರೆಗೂ ಹೋಗಬಲ್ಲದು. ದುರ್ಬಲ ದ್ರಾವಣವಾದರೆ ನೋವು ಕಾಣಿಸಿಕೊಳ್ಳಲು ಗಂಟೆಗಳೇ ಹಿಡಿಯಬಹುದು. ವಾಷಿಂಗ್ ಸೆಂಟರುಗಳಲ್ಲಿ ಬರಿಗೈಯಿಂದ ಚಕ್ರ ಉಜ್ಜುವ ಹುಡುಗರಿಗೆ ಇದನ್ನು ಹೇಳಿದವರು ಯಾರು? ಕಾರಿನ ಮಾಲೀಕನಿಗೆ ಹೊಳಪು, ಅಂಗಡಿಯವನಿಗೆ ಲಾಭ, ಹುಡುಗನಿಗೆ ಸುಟ್ಟ ಬೆರಳು, ಹಳ್ಳಕ್ಕೆ ಉಳಿದದ್ದೆಲ್ಲ. ಇದು ಹಂಚಿಕೆಯ ನ್ಯಾಯವಲ್ಲ.

ಈ ನೆಲಕ್ಕೇ ವಿಶಿಷ್ಟವಾದ ಇನ್ನೊಂದು ಸುಳಿಯಿದೆ. ಕಲಬುರಗಿ ಜಿಲ್ಲೆಯ ದೊಡ್ಡ ಭಾಗ ಸುಣ್ಣಕಲ್ಲಿನ ಸೀಮೆ. ಶಹಾಬಾದ್ ಕಲ್ಲು, ವಾಡಿ ಮತ್ತು ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ಅದಕ್ಕೆ ಸಾಕ್ಷಿ. ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರು ಗಡಸು. ಗಡಸು ನೀರಿನಲ್ಲಿ ಸೋಪು ನೊರೆ ಕಟ್ಟದು. ಆದ್ದರಿಂದ ಜನ ಇನ್ನೊಂದು ಹಿಡಿ ಪುಡಿ ಸುರಿಯುತ್ತಾರೆ. ತೊಳೆದ ನೀರು ಬಿಸಿಲಿಗೆ ಒಣಗಿದೊಡನೆ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಅವು ಕೊಳೆಯಲ್ಲ, ನೀರಿನೊಳಗಿನ ಸುಣ್ಣ. ಆ ಚುಕ್ಕೆಗಳನ್ನು ತೆಗೆಯಲು ಇನ್ನೊಂದು ಬಾಟಲಿ, ಅದು ಸಿಗದಿದ್ದರೆ ಶೌಚಾಲಯ ತೊಳೆಯುವ ಆಮ್ಲ. ಆ ಆಮ್ಲ ಕ್ರೋಮಿನ ತೆಳು ಲೇಪವನ್ನು ತಿಂದು ಗುಳಿ ಮಾಡುತ್ತದೆ. ಆಗ ಪಾಲಿಶಿನ ಬಾಟಲಿ. ಹೀಗೆ ಒಂದು ಬಾಟಲಿಯ ತಪ್ಪನ್ನು ಮುಚ್ಚಲು ಮತ್ತೊಂದು ಬಾಟಲಿ ಹುಟ್ಟುತ್ತದೆ. ಕೊಳ್ಳುಬಾಕತನದ ವ್ಯಾಕರಣವೇ ಇದು. ನೀರು ಒಣಗುವ ಮುನ್ನ ಹಿಂಡಿದ ಬಟ್ಟೆಯಿಂದ ಒರೆಸಿದ್ದರೆ ಈ ಸರಪಳಿಯ ಒಂದು ಕೊಂಡಿಯೂ ಬೇಕಿರಲಿಲ್ಲ.

ಒಂದು ಹಿಡಿ ಪುಡಿಯ ಲೆಕ್ಕ

ಒಂದು ಕಾರಿನ ನೊರೆಯಿಂದ ಏನಾದೀತು ಎಂಬುದು ಸಾಮಾನ್ಯ ಸಮರ್ಥನೆ. ಲೆಕ್ಕ ಹಾಕಿ ನೋಡಬಹುದು. ಒಂದು ಕಾರಿಗೆ 50 ಗ್ರಾಂ ಬಟ್ಟೆ ಸೋಪಿನ ಪುಡಿ ಬಳಸಿದರೆಂದು ಇಟ್ಟುಕೊಳ್ಳೋಣ. ಅದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಡಿಟರ್ಜೆಂಟಿನ ಸಕ್ರಿಯ ಅಂಶವೆಂದರೂ ಅದು 5 ಗ್ರಾಂ, ಅಂದರೆ 5,000 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಲೀಟರಿಗೆ 0.2 ಮಿಲಿಗ್ರಾಂ ಡಿಟರ್ಜೆಂಟ್ ಸ್ವೀಕಾರಾರ್ಹ. ಬೇರೆ ಜಲಮೂಲವೇ ಇಲ್ಲದಿದ್ದರೆ 1 ಮಿಲಿಗ್ರಾಂವರೆಗೆ ಸಹಿಸಬಹುದು. ಆ 5 ಗ್ರಾಂ ಅಂಶವನ್ನು ಸ್ವೀಕಾರಾರ್ಹ ಮಟ್ಟಕ್ಕೆ ತೆಳುಗೊಳಿಸಲು 25,000 ಲೀಟರ್ ಶುದ್ಧ ನೀರು ಬೇಕು. ಇದು ಒಂದೇ ಕಾರಿನ ಲೆಕ್ಕ. ಚೈತ್ರ, ವೈಶಾಖಗಳಲ್ಲಿ ಗುಂಡಿಗಳಾಗಿ ಒಡೆದು ನಿಂತ ಹಳ್ಳದಲ್ಲಿ ಅಷ್ಟು ನೀರು ಎಲ್ಲಿದೆ?

ಮೀನುಗಳಿಗೆ ಈ ಲೆಕ್ಕ ಇನ್ನೂ ಕಠೋರ. ಡಿಟರ್ಜೆಂಟ್ ಅವುಗಳ ಕಿವಿರಿನ ಲೋಳೆಯನ್ನು ಕರಗಿಸುತ್ತದೆ. ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ಹಲವು ಜಾತಿಯ ಮೀನುಗಳು ಉಳಿಯವು. ನೀರಿನ ಮೇಲ್ಮೈ ಬಿಗಿತ ಸಡಿಲವಾದೊಡನೆ ಅದರ ಮೇಲೆ ಓಡಾಡುವ ಹುಳಗಳು ಮುಳುಗುತ್ತವೆ. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಪಾಚಿಗೆ ಗೊಬ್ಬರ. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಬತ್ತುತ್ತದೆ. ಇದು ಕೊನೆಗೆ ಎಲ್ಲಿಗೆ ತಲುಪಬಲ್ಲದು ಎಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿದೆ. ಮನೆಮನೆಯ ಡಿಟರ್ಜೆಂಟನ್ನು ಹೊತ್ತ ಚರಂಡಿ ನೀರು ಅಲ್ಲಿ ನೊರೆಯ ಬೆಟ್ಟವಾಗಿ ರಸ್ತೆಗೆ ಹಾರಿತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿತು. ಆ ಕೆರೆಗೆ ಪುಡಿ ಸುರಿದವರಲ್ಲಿ ಒಬ್ಬೊಬ್ಬರೂ ತಮ್ಮದು ಒಂದು ಹಿಡಿ ಮಾತ್ರ ಎಂದೇ ಭಾವಿಸಿದ್ದರು.

ಮಣ್ಣಿಗೂ ವಿಷ

ಹಾಗಾದರೆ ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ಬಾಳೆಯ ಬುಡಕ್ಕೆ ಬಿಟ್ಟರಾಯಿತಲ್ಲ ಎಂದು ರೈತರು ಕೇಳುವುದುಂಟು. ಕಮಲಾಪುರವೆಂದರೆ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕೆಂಪು ಬಾಳೆಯ ಊರು. ವರ್ಷಕ್ಕೂ ಮಿಕ್ಕಿದ ಕಾಲ ನೀರು ಬೇಡುವ ಬೆಳೆ ಅದು. ಆದರೆ ಬಟ್ಟೆ ಸೋಪಿನ ಪುಡಿಯ ಬಹುಭಾಗ ಸೋಡಾ, ಅಂದರೆ ಸೋಡಿಯಂ ಲವಣಗಳು. ಎರೆ ಮಣ್ಣಿನ ಜೇಡಿಕಣಗಳನ್ನು ಹರಳುಗಟ್ಟಿಸಿ ಹಿಡಿದಿರುವುದು ಸುಣ್ಣದ ಅಂಶ. ಸೋಡಿಯಂ ಅದನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಆಗ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳು ಮುಚ್ಚಿಹೋಗುತ್ತವೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಬೇರಿಗೆ ಗಾಳಿಯಿಲ್ಲ, ನೀರು ಇಳಿಯದು. ಇಂಥ ಸವಳು ನೆಲವನ್ನು ಮತ್ತೆ ಸರಿಪಡಿಸಲು ಜಿಪ್ಸಂ ಹಾಕಬೇಕು, ಅದನ್ನು ಬಸಿದು ತೊಳೆಯಲು ಸಾಕಷ್ಟು ಒಳ್ಳೆಯ ನೀರು ಬೇಕು. ಒಂದು ರೂಪಾಯಿಯ ಪುಡಿಯ ಹೊಳಪಿಗೆ ನೆಲವು ತೆರುವ ಬೆಲೆ ಇದು.

ಹಸಿರು ಚೀಟಿಯ ಸುಳ್ಳು

ಈಗ ಪೇಟೆಗೆ ಹೊಸ ವೇಷ ಬಂದಿದೆ. ಅದೇ ಬಾಟಲಿಗೆ ಎಲೆಯ ಚಿತ್ರ, ‘ಪರಿಸರಸ್ನೇಹಿ’ ಎಂಬ ಚೀಟಿ. ನಿಜವಾದ ಗುರುತು ಬೇಕೆಂದೇ ಕೇಂದ್ರ ಸರ್ಕಾರ 1991ರಲ್ಲಿ ಮಣ್ಣಿನ ಮಡಕೆಯ ಚಿಹ್ನೆಯ ಇಕೋಮಾರ್ಕ್ ಯೋಜನೆಯನ್ನು ತಂದಿತು. ಸೋಪು ಮತ್ತು ಡಿಟರ್ಜೆಂಟುಗಳು ಅದರ ವ್ಯಾಪ್ತಿಯಲ್ಲಿದ್ದವು. ಕಡ್ಡಾಯವಲ್ಲದ ಆ ಮಡಕೆಯನ್ನು ಉತ್ಪಾದಕರು ಬಯಸಲಿಲ್ಲ, ಗ್ರಾಹಕರು ಕೇಳಲಿಲ್ಲ. 2024ರಲ್ಲಿ ಆ ಯೋಜನೆಗೆ ಹೊಸ ನಿಯಮಗಳು ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆಧಾರವಿಲ್ಲದೆ ‘ಹಸಿರು’, ‘ಪರಿಸರಸ್ನೇಹಿ’ ಎಂದು ಸಾರುವುದನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅಂಗಡಿಯ ಮುಂದೆ ನಿಂತು ‘ಇದಕ್ಕೆ ಆಧಾರವೇನು’ ಎಂದು ಕೇಳುವ ಹಕ್ಕು ಈಗ ವಿದ್ಯಾರ್ಥಿಗಳ ಕೈಯಲ್ಲಿದೆ.

ನೈಸರ್ಗಿಕವಾದುದೆಲ್ಲ ನಿರುಪದ್ರವಿ ಎಂಬ ಭ್ರಮೆಯೂ ಬೇಡ. ಅಂಟುವಾಳದ ನೀರು ಒಳ್ಳೆಯ ಮಾರ್ಜಕ, ಮಣ್ಣಿಗೆ ಸೋಡಾದ ಹೊರೆಯಿಲ್ಲ, ನಿಜ. ಆದರೆ ಅದರ ನೊರೆ ತರುವ ಸಪೋನಿನ್ ಮೀನಿಗೆ ವಿಷ. ಇಂಥ ಸಸ್ಯಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ನಾಡುಗಳಲ್ಲಿ ಇದೆ. ಹಳ್ಳದೊಳಗೆ ಸುರಿದರೆ ಅಂಟುವಾಳವೂ ಅಪರಾಧಿಯೇ. ಆದ್ದರಿಂದ ಬಾಟಲಿಯಲ್ಲಿ ಏನಿದೆ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಆಯ್ಕೆಯ ವಿವೇಕ

ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಆಯ್ಕೆ ಬಲು ಸುಲಭ. ಗಾಜಿಗೆ ಬೇಕಾದದ್ದು ಒದ್ದೆ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ಸುಣ್ಣದ ಚುಕ್ಕೆಯಿದ್ದರೆ ನೀರು ಬೆರೆಸಿದ ವಿನೆಗರ್ ಅಥವಾ ನಾಲ್ಕು ಹನಿ ನಿಂಬೆರಸ. ಸುಣ್ಣವು ಹುಳಿಗೆ ಕರಗುತ್ತದೆ, ಬಳಿಕ ಆ ಜಾಗವನ್ನು ನೀರಿನಲ್ಲಿ ಒರೆಸಬೇಕು. ಕ್ರೋಮಿಗೆ ಆಮ್ಲವೂ ಬೇಡ, ಪಾತ್ರೆ ಉಜ್ಜುವ ತಂತಿಯೂ ಬೇಡ. ಇಂದಿನ ಅನೇಕ ಕಾರುಗಳಲ್ಲಿ ಕ್ರೋಮ್ ಎಂದು ಹೊಳೆಯುವುದು ಲೇಪ ಕೊಟ್ಟ ಪ್ಲಾಸ್ಟಿಕ್. ಅದಕ್ಕೆ ಮೆದು ಬಟ್ಟೆಯೇ ಸಾಕು. ಹಳೆಯ ಜೀಪಿನ ಲೋಹದ ಬಂಪರಿನಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಊಟ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಬಹುದು. ಅಲ್ಯುಮಿನಿಯಂ ಕ್ರೋಮಿಗಿಂತ ಮೆದು.

ಬಣ್ಣದ ಶತ್ರು ದೂಳಲ್ಲ, ಒಣ ದೂಳನ್ನು ಉಜ್ಜುವ ಕೈ. ದೂಳಿನೊಳಗಿನ ಮರಳಿನ ಕಣ ಬಣ್ಣದ ಲೇಪಕ್ಕಿಂತ ಗಟ್ಟಿ. ಮೊದಲು ನೀರು ಚಿಮುಕಿಸಿ ದೂಳನ್ನು ನೆನೆಸಿ ಇಳಿಸಬೇಕು, ಅನಂತರ ಒರೆಸಬೇಕು. ನೀರಿಲ್ಲದೆ ಸಿಂಪಡಿಸಿ ಒರೆಸುವ ದ್ರವಗಳು ದಪ್ಪ ದೂಳಿನ ಊರಿಗೆ ಹೊಂದುವುದಿಲ್ಲ. ಜಿಡ್ಡು ಇದ್ದರೆ ಮಾತ್ರ ಒಂದು ಬಕೆಟಿಗೆ ಒಂದು ಚಮಚದಷ್ಟು, ಕ್ಷಾರವೂ ಆಮ್ಲವೂ ಅಲ್ಲದ, ಫಾಸ್ಫೇಟ್ ಇಲ್ಲದ ಶಾಂಪೂ. ಬಟ್ಟೆ ಸೋಪಿನ ಪುಡಿಯ ಕ್ಷಾರವು ಬಣ್ಣದ ಮೇಲಿನ ಮೇಣವನ್ನೇ ಕಿತ್ತುಹಾಕುತ್ತದೆ. ಅದನ್ನು ಬಳಸುವವನು ಹಳ್ಳವನ್ನು ಕೆಡಿಸಿ ಕಾರನ್ನೂ ಕೆಡಿಸಿಕೊಳ್ಳುತ್ತಾನೆ. ಒರೆಸಲು ಹಳೆಯ ಹತ್ತಿ ಪಂಚೆಯೇ ಉತ್ತಮ. ಮೈಕ್ರೋಫೈಬರ್ ಎಂದು ಮಾರುವ ಬಟ್ಟೆ ಪ್ಲಾಸ್ಟಿಕ್ಕಿನ ನೂಲು. ಒಗೆದಾಗಲೆಲ್ಲ ಅದರ ಎಳೆಗಳು ನೀರಿಗೆ ಸೇರುತ್ತವೆ.

ನೀರಿನ ಅಳತೆಯೂ ಮುಖ್ಯ. ನಿಮಿಷಕ್ಕೆ 12 ಲೀಟರ್ ಹರಿಯುವ ಪೈಪನ್ನು ಹತ್ತು ನಿಮಿಷ ಬಿಟ್ಟರೆ 120 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ನಿಗದಿ ಮಾಡಿದ್ದು 55 ಲೀಟರ್. ಇಬ್ಬರ ಒಂದು ದಿನದ ಪಾಲು ಒಂದು ಕಾರಿನ ಮೈಮೇಲೆ ಹರಿದುಹೋಗುತ್ತದೆ. ಎರಡು ಬಕೆಟ್ ನೀರಿನಲ್ಲಿ ಅದೇ ಕೆಲಸ ಮುಗಿಯುತ್ತದೆ. 2024ರ ಮಾರ್ಚ್‌ನಲ್ಲಿ ಬರ ಬಡಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ರಾಜಧಾನಿಗೆ ಬರಗಾಲದಲ್ಲಿ ಬಂದ ಬುದ್ಧಿ ಬಿಸಿಲುನಾಡಿಗೆ ಸದಾಕಾಲ ಬೇಕು.

ಎಂಜಿನ್ನಿನ, ತಳಭಾಗದ ಎಣ್ಣೆ ಜಿಡ್ಡನ್ನು ಮನೆಯಂಗಳದಲ್ಲಾಗಲಿ ಹಳ್ಳದಲ್ಲಾಗಲಿ ತೊಳೆಯಬಾರದು. ಎಣ್ಣೆಯನ್ನು ಬೇರ್ಪಡಿಸುವ ಗುಂಡಿಯಿರುವ ಸರ್ವಿಸ್ ಕೇಂದ್ರಕ್ಕೇ ಒಯ್ಯಬೇಕು. ಆ ಗುಂಡಿಯಿಲ್ಲದ ವಾಷಿಂಗ್ ಸೆಂಟರುಗಳ ನೀರು ಯಾವ ಚರಂಡಿಗೆ ಹೋಗುತ್ತದೆ ಎಂದು ನಗರ ಆಡಳಿತವನ್ನು ಕೇಳಬೇಕಾದದ್ದು ನಾಗರಿಕರ ಕೆಲಸ. ಹೊಳೆ, ಬಾವಿಗಳಿಗೆ ಕಲ್ಮಷ ಸೇರಿಸುವುದನ್ನು 1974ರ ಜಲ ಕಾಯಿದೆಯ 24ನೆಯ ವಿಧಿ ಸ್ಪಷ್ಟವಾಗಿ ನಿಷೇಧಿಸಿದೆ. ಕಾನೂನು ಇದೆ, ಅದನ್ನು ಹಳ್ಳದ ದಂಡೆಯವರೆಗೆ ತಂದವರಿಲ್ಲ.

ಕಾರ್ಖಾನೆಗಳು ನದಿಗಳನ್ನೇ ಕೆಡಿಸುತ್ತಿರುವಾಗ ಬಡ ಚಾಲಕನ ಸೋಪಿನ ಪುಡಿಯ ಮೇಲೆ ಏಕೆ ಕಣ್ಣು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಾರ್ಖಾನೆಯ ಕೊಳವೆಯನ್ನು ಬೆರಳು ಮಾಡಿ ತೋರಿಸಬೇಕಾದವರು ತಮ್ಮ ಬೆರಳಿನ ನೊರೆಯನ್ನು ಮೊದಲು ಒರೆಸಿಕೊಳ್ಳಬೇಕು. ಇಲ್ಲವಾದರೆ ಆ ಬೆರಳಿಗೆ ಬಲ ಬಾರದು. ಇಲ್ಲಿ ಸೂಚಿಸಿದ ದಾರಿ ಬಡ ಚಾಲಕನಿಗೆ ಖರ್ಚನ್ನೂ ಹೆಚ್ಚಿಸುವುದಿಲ್ಲ. ಎರಡು ಬಕೆಟ್, ಎರಡು ಹಳೆಯ ಬಟ್ಟೆ, ಒಂದು ನಿಂಬೆಹಣ್ಣು: ಇವು ಮೂರು ಬಾಟಲಿಗಳಿಗಿಂತ ಅಗ್ಗ.

ಮುಂದಿನ ಆಯುಧ ಪೂಜೆಗೆ ಪ್ರತಿ ಊರಿನ ಯುವಕರು ಒಂದು ನಿರ್ಧಾರ ಮಾಡಲಿ. ವಾಹನಗಳು ಹಳ್ಳಕ್ಕೆ ಇಳಿಯದಿರಲಿ. ಬಕೆಟಿನಲ್ಲಿ ನೀರು ದಂಡೆಯಿಂದ ದೂರಕ್ಕೆ ಏರಿ ಬರಲಿ. ವಾಹನವನ್ನು ಪೂಜಿಸುವ ಕೈಗಳು, ಅದನ್ನು ತೊಳೆಯಲು ನೀರು ಕೊಟ್ಟ ಹಳ್ಳಕ್ಕೂ ಅಷ್ಟು ಮರ್ಯಾದೆ ಸಲ್ಲಿಸಲಿ.